ಮನಶ್ಶಾಸ್ತ್ರ ಓದಿ ಏನು ಮಾಡುವುದು?

ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಮರುದಿನ ಮನೆಮನೆಯಲ್ಲಿಯೂ ಒಂದೇ ಮಾತು: ಮುಂದೇನು? ವೈದ್ಯವೋ, ಎಂಜಿನಿಯರಿಂಗೋ, ಅವು ಕೈಗೆ ಹತ್ತದಿದ್ದರೆ ಬಿ.ಕಾಂ. ಪದವಿಯೋ ಎಂಬ ಚರ್ಚೆ ಊಟದ ಹೊತ್ತಿನವರೆಗೂ ನಡೆಯುತ್ತದೆ. ಇದರ ನಡುವೆ ಮನೆಯ ಮಗಳು "ನಾನು ಮನಶ್ಶಾಸ್ತ್ರ ಓದಿ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾಗುತ್ತೇನೆ" ಎಂದಳೆನ್ನಿ. ಮನೆ ಒಂದು ಗಳಿಗೆ ಸುಮ್ಮನಾಗುತ್ತದೆ. ಅನಂತರ ಮೂರು ಪ್ರಶ್ನೆಗಳು ಬರುತ್ತವೆ. ಅಜ್ಜಿ ಕೇಳುತ್ತಾರೆ: "ಹುಚ್ಚು ಬಿಡಿಸುವ ಓದೇನೆ ಅದು?" ತಮ್ಮ ಕೇಳುತ್ತಾನೆ: "ಹಾಗಾದರೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೀಯಾ?" ತಂದೆ ಕಡೆಗೆ ಕೇಳುತ್ತಾರೆ: "ಅದರಿಂದ ಅನ್ನ ಹುಟ್ಟುತ್ತದೆಯೆ?" ಮೂರೂ ನ್ಯಾಯವಾದ ಪ್ರಶ್ನೆಗಳೇ. ಇವಕ್ಕೆ ಉತ್ತರ ಹೇಳುವುದೇ ಈ ಭಾಷಣದ ಉದ್ದೇಶ.

ಮೊದಲು ಅಜ್ಜಿಯ ಪ್ರಶ್ನೆ. ಮನಸ್ಸಿನ ಕಾಯಿಲೆಗೆ ಔಷಧ ಬರೆದುಕೊಡುವವರು ಮನೋವೈದ್ಯರು, ಅವರು ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಆ ಶಾಖೆಯಲ್ಲಿ ವಿಶೇಷ ವ್ಯಾಸಂಗ ಮಾಡಿದ ಡಾಕ್ಟರುಗಳು. ರೋಗಿಗಳೊಡನೆ ಮಾತನಾಡಿ, ಪರೀಕ್ಷೆಗಳನ್ನು ನಡೆಸಿ, ಔಷಧವಿಲ್ಲದ ಚಿಕಿತ್ಸೆ ನೀಡುವವರು ಚಿಕಿತ್ಸಾ ಮನಶ್ಶಾಸ್ತ್ರಜ್ಞರು. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿಯೂ ಅದರ ನೋಂದಣಿಯೂ ಬೇಕು. ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರು ಮೂರನೆಯ ಪಂಗಡ. ನಾವು ಕಲಿಯುವುದು ಹೇಗೆ, ಮರೆಯುವುದು ಏಕೆ, ಭಯ ಹುಟ್ಟುವುದು ಎಲ್ಲಿಂದ, ಮಗು ಮಾತು ಹಿಡಿಯುವ ಕ್ರಮವೇನು ಎಂಬುದನ್ನು ಪ್ರಯೋಗದಿಂದ ಪರಿಶೀಲಿಸುವುದು ಮತ್ತು ಅದನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಅವರ ಕೆಲಸ. ಮೊದಲಿನ ಇಬ್ಬರೂ ಆಸ್ಪತ್ರೆಯಲ್ಲಿ ಬಳಸುವ ತಿಳಿವಳಿಕೆಯ ಒಂದು ದೊಡ್ಡ ಪಾಲು ಈ ಮೂರನೆಯವರ ಪ್ರಯೋಗಶಾಲೆಯಿಂದ ಬಂದದ್ದು.

ತಮ್ಮನ ಪ್ರಶ್ನೆಗೆ ಉತ್ತರ ಇನ್ನೂ ಸುಲಭ. ಪರರ ಮನಸ್ಸನ್ನು ಓದುವ ವಿದ್ಯೆ ಇದಲ್ಲ. ಈ ಶಾಸ್ತ್ರದ ವಿದ್ಯಾರ್ಥಿಗಳು ಮಾಡುವ ಒಂದು ಹಳೆಯ ಪ್ರಯೋಗವನ್ನು ಹೇಳುತ್ತೇನೆ. ಕಾಗದದ ಮೇಲೆ ಎರಡು ಗೆರೆಗಳ ನಡುವೆ ನಕ್ಷತ್ರದ ಆಕಾರ ಮುದ್ರಿಸಿರುತ್ತದೆ. ನಿಮ್ಮ ಕೈ ನಿಮಗೆ ನೇರವಾಗಿ ಕಾಣದಂತೆ ಅಡ್ಡ ಹಲಗೆ ಇಟ್ಟು, ಎದುರಿಗೆ ಒಂದು ಕನ್ನಡಿ ನಿಲ್ಲಿಸುತ್ತಾರೆ. ಕನ್ನಡಿಯಲ್ಲಿ ಮಾತ್ರ ನೋಡುತ್ತ, ಗೆರೆಗಳ ನಡುವೆ ಪೆನ್ಸಿಲು ನಡೆಸಬೇಕು. ಮೊದಲ ಸಲ ಕೈ ಎತ್ತಲೋ ಓಡುತ್ತದೆ. ಓದು ಬಲ್ಲವನೂ ಹಸುಗೂಸಿನಂತೆ ತಡವರಿಸುತ್ತಾನೆ. ಹತ್ತನೆಯ ಸಲಕ್ಕೆ ತಪ್ಪುಗಳೂ ಸಮಯವೂ ಬಹಳ ಇಳಿಯುತ್ತವೆ. ಇನ್ನೂ ಸ್ವಾರಸ್ಯವೆಂದರೆ, ಬಲಗೈಯಿಂದ ಅಭ್ಯಾಸ ಮಾಡಿ ಆಮೇಲೆ ಎಡಗೈಯಿಂದ ಪ್ರಯತ್ನಿಸಿದರೆ, ಅಭ್ಯಾಸವೇ ಇಲ್ಲದ ಎಡಗೈಗೂ ಲಾಭ ಸಿಕ್ಕಿರುತ್ತದೆ. ಕಲಿತದ್ದು ಕೈಯಷ್ಟೇ ಆಗಿದ್ದರೆ ಹೀಗಾಗುತ್ತಿರಲಿಲ್ಲ. ಸೆಕೆಂಡುಗಳನ್ನು ಎಣಿಸಿ, ತಪ್ಪುಗಳನ್ನು ಗುರುತಿಸಿ, ನಕ್ಷೆ ಬರೆದು, ಕಣ್ಣಿಗೆ ಕಾಣದ ಮನಸ್ಸಿನ ಬಗೆಗೆ ಒಂದು ಖಚಿತವಾದ ಮಾತು ಹೇಳುವುದು: ಇದೇ ಈ ಶಾಸ್ತ್ರದ ದಾರಿ.

ಇಂಥ ಪ್ರಯೋಗಗಳಿಗೆಂದೇ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಶಾಲೆ ತೆರೆದದ್ದು 1879ರಲ್ಲಿ. ನಮ್ಮ ದೇಶದಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯ 1916ರಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ತೆರೆಯಿತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಅದೇ ವರ್ಷ. ಕಲ್ಕತ್ತೆಯಲ್ಲಿ ಈ ವಿಷಯದ ಪಠ್ಯಕ್ರಮವನ್ನು ಮೊದಲು ರೂಪಿಸಿದ ಬ್ರಜೇಂದ್ರನಾಥ ಸೀಲರು 1921ರಲ್ಲಿ ಮೈಸೂರಿಗೆ ಕುಲಪತಿಗಳಾಗಿ ಬಂದರು. ಅವರ ಕಾಲದಲ್ಲಿಯೇ, 1924ರಲ್ಲಿ, ಇಲ್ಲಿಯೂ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರಂಥ ಹೆಸರಾಂತ ವಿದ್ವಾಂಸರ ಬಳಿ ಕಲಿತು ಬಂದವರು ಅವರು.

ರೇಡಿಯೋ ಇಟ್ಟುಕೊಂಡ ಮನೆಗಳವರು ಗೋಪಾಲಸ್ವಾಮಿಯವರನ್ನು ಬೇರೊಂದು ಕಾರಣಕ್ಕೂ ನೆನೆಯಬೇಕು. 1935ರಲ್ಲಿ ಅವರು ಮೈಸೂರಿನ ತಮ್ಮ ಮನೆಯಲ್ಲಿ 30 ವ್ಯಾಟಿನ ಒಂದು ಪುಟ್ಟ ಪ್ರೇಷಕ ಯಂತ್ರವನ್ನಿಟ್ಟು ಬಾನುಲಿ ಪ್ರಸಾರ ಆರಂಭಿಸಿದರು. ಆ ಮನೆಯ ನಿಲಯಕ್ಕೆ ಬಂದ "ಆಕಾಶವಾಣಿ" ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೋ ಸಂಸ್ಥೆಯ ಹೆಸರಾಯಿತು. ಅಧ್ಯಾಪಕ ವೃತ್ತಿಯೆಂದರೆ ನಾಲ್ಕು ಗೋಡೆಗಳ ನಡುವಿನ ಬಡಪಾಯಿ ವೃತ್ತಿ ಎಂದು ತಿಳಿದವರು ಇದನ್ನು ಗಮನಿಸಬಹುದು.

ಆದರೆ ಮೈಸೂರಿನಲ್ಲಿ ನೂರು ವರ್ಷದ ಹಿಂದೆ ನಡೆದದ್ದಕ್ಕೂ ಇಂದಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಶಾಲೆಗಳಲ್ಲಿ ದಿನವೂ ಒಂದಲ್ಲ ಒಂದು ಮಗುವಿನ ಮೇಲೆ ತೀರ್ಪು ಬೀಳುತ್ತಿರುತ್ತದೆ: "ಇವನು ಬುದ್ಧಿವಂತ, ಇವನು ದಡ್ಡ." ಈ ತೀರ್ಪಿಗೆ ಅಳತೆಗೋಲು ಯಾವುದು? ಅದನ್ನು ಮಾಡಿದವರು ಯಾರು? ಯಾವ ಮಕ್ಕಳನ್ನು ಮುಂದಿಟ್ಟುಕೊಂಡು ಮಾಡಿದರು? ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರ ಕೆಲಸ ನಮ್ಮ ಮನೆಯ ಬಾಗಿಲಿಗೆ ಬರುವುದು ಇಲ್ಲಿಯೇ.

ಬುದ್ಧಿಯನ್ನಳೆಯುವ ಪರೀಕ್ಷೆಯನ್ನು ಮೊದಲು ಹದಗೊಳಿಸಿದವರು ಫ್ರಾನ್ಸಿನ ಆಲ್‌ಫ್ರೆಡ್ ಬಿನೆ, 1905ರಲ್ಲಿ. ಪಾಠದಲ್ಲಿ ಹಿಂದೆ ಬೀಳುವ ಮಕ್ಕಳಿಗೆ ಯಾವ ಬಗೆಯ ಸಹಾಯ ಬೇಕೆಂದು ತಿಳಿಯುವುದು ಅವರ ಉದ್ದೇಶ. ಮಕ್ಕಳಿಗೆ ಹಣೆಪಟ್ಟಿ ಕಟ್ಟುವುದು ಅವರಿಗೆ ಬೇಕಿರಲಿಲ್ಲ. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ಅಲ್ಲಿನ ಮಕ್ಕಳಿಗೆ ಹೊಂದಿಸಿದರು. ಕನ್ನಡದ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತರು. ಧಾರವಾಡದಲ್ಲಿ 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳನ್ನು ಕೂರಿಸಿಕೊಂಡು, ಯಾವ ವಯಸ್ಸಿನ ಮಗು ಯಾವ ಪ್ರಶ್ನೆಯನ್ನು ಬಿಡಿಸಬಲ್ಲುದೆಂದು ಒಂದೊಂದಾಗಿ ಪರಿಶೀಲಿಸಿ, 1940ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಇದು ಬರಿಯ ಭಾಷಾಂತರದ ಕೆಲಸವಲ್ಲ. ಹಿಮ, ಚಿಮಣಿ, ಬೆಳ್ಳಿಯ ಚಮಚಗಳ ಮೇಲೆ ಪ್ರಶ್ನೆ ಕೇಳಿದರೆ ಕೊರಟಗೆರೆಯ ಸೀಮೆಯ ಮಗು ತಲೆ ಕೆರೆದುಕೊಳ್ಳುತ್ತದೆ. ಅದೇ ಮಗು ಹುಣಿಸೆಹಣ್ಣಿನ ತೂಕದಲ್ಲಿ ಮೋಸವಾದರೆ ಥಟ್ಟನೆ ಹಿಡಿಯುತ್ತದೆ. ಪ್ರಶ್ನೆಯನ್ನು ಬದಲಿಸಿದ ಮೇಲೆ ಅದು ಎಷ್ಟು ಕಠಿನವೆಂಬುದೂ ಬದಲಾಗುತ್ತದೆ. ಆದ್ದರಿಂದ ನೂರಾರು ಮಕ್ಕಳ ಮೇಲೆ ಪ್ರಯೋಗಿಸಿ ಮತ್ತೆ ಹದ ನೋಡಬೇಕು. ಕಾಮತರ ಪರೀಕ್ಷೆ ಎಷ್ಟು ಗಟ್ಟಿಯಾಗಿತ್ತೆಂದರೆ ಅನೇಕ ದಶಕಗಳ ಕಾಲ ನಮ್ಮ ಆಸ್ಪತ್ರೆಗಳಲ್ಲಿ ಅದೇ ಬಳಕೆಯಲ್ಲಿತ್ತು. ಅವರ ಪರಿಶ್ರಮಕ್ಕೆ ಇದು ಗೌರವ. ಅವರ ನಂತರದ ನಮಗೆ ಇದು ಎಚ್ಚರಿಕೆ. ಸ್ವಾತಂತ್ರ್ಯಕ್ಕೆ ಮುಂಚಿನ ಧಾರವಾಡದ ಮಕ್ಕಳನ್ನು ನೋಡಿ ಮಾಡಿದ ಕೋಲಿನಿಂದ, ಅಂಗನವಾಡಿಯನ್ನೂ ಮೊಬೈಲನ್ನೂ ಕಂಡ ಇಂದಿನ ಮಗುವನ್ನು ಅಳೆದರೆ ಲೆಕ್ಕ ಸರಿಹೋಗಲಾರದು.

ಇನ್ನು ಭಾಷೆಯ ವಿಚಾರ. ಪಾವಗಡವನ್ನು ನಕ್ಷೆಯಲ್ಲಿ ನೋಡಿ. ಅದರ ಬಹುಪಾಲು ಎಲ್ಲೆಯ ಆಚೆಗಿರುವುದು ಆಂಧ್ರಪ್ರದೇಶ. ಅನೇಕ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮೊಗಲರ ಕಾಲದಲ್ಲಿ ಸುಬಾದ ರಾಜಧಾನಿಯಾಗಿದ್ದ ಶಿರಾದಲ್ಲಿ ಉರ್ದು ಮನೆಮಾತಾದ ಕುಟುಂಬಗಳೂ ಉಂಟು. ಎರಡು ಭಾಷೆಗಳ ಹೊರೆಯಿಂದ ಮಗುವಿನ ಬುದ್ಧಿ ಕದಡುತ್ತದೆಯೆಂದು ಹಿಂದೆ ವಿದ್ವಾಂಸರೇ ನಂಬಿದ್ದರು. 1962ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಎಂಬ ಸಂಶೋಧಕರು ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿ, ಎರಡು ಭಾಷೆ ಬಲ್ಲ ಮಕ್ಕಳು ಹಿಂದುಳಿಯುವುದಿರಲಿ, ಅನೇಕ ಪರೀಕ್ಷೆಗಳಲ್ಲಿ ಮುಂದಿದ್ದರೆಂದು ತೋರಿಸಿದರು. ನಮ್ಮ ದೇಶದಲ್ಲಿಯೇ ಒಡಿಶಾದ ಕಂಧ ಬುಡಕಟ್ಟಿನ ಮಕ್ಕಳ ನಡುವೆ ಅಜಿತ್ ಮೊಹಾಂತಿಯವರು ಅಧ್ಯಯನ ನಡೆಸಿ, ಕುಯಿ ಮತ್ತು ಒಡಿಯಾ ಎರಡನ್ನೂ ಬಲ್ಲ ಮಕ್ಕಳ ವಿಷಯದಲ್ಲಿ ಇಂಥದೇ ಫಲಿತಾಂಶ ಕಂಡರು. ಈ ಲಾಭ ಎಲ್ಲೆಡೆಯೂ ಒಂದೇ ಸಮನೆ ದೊರೆಯುತ್ತದೆಯೆ ಎಂಬ ವಾದ ಇನ್ನೂ ನಡೆದಿದೆ. ಎರಡು ಭಾಷೆ ದಡ್ಡತನಕ್ಕೆ ಕಾರಣವೆಂಬ ಹಳೆಯ ಮಾತಂತೂ ನಿಲ್ಲಲಿಲ್ಲ. ಮನೆಯಲ್ಲಿ ತೆಲುಗು ಮಾತನಾಡುವ ಪಾವಗಡದ ಹುಡುಗ ಕನ್ನಡದ ಪ್ರಶ್ನೆಗೆ ತಡವಾಗಿ ಉತ್ತರಿಸಿದರೆ, ಅವನ ತಡವನ್ನು ಅರ್ಥಮಾಡಿಕೊಳ್ಳಲು ಎರಡೂ ಭಾಷೆ ಬಲ್ಲ ಸಂಶೋಧಕರು ಬೇಕು.

ಓದುವುದನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನ ಮಗು 26 ಅಕ್ಷರಗಳ ರೂಪ ಕಲಿತರೆ ಅಕ್ಷರಮಾಲೆ ಮುಗಿಯಿತು. ಕನ್ನಡದ ಮಗುವಿಗೆ ವರ್ಣಮಾಲೆಯ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ, ಹೀಗೆ ನೂರಾರು ರೂಪಗಳು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯದೆ ಮೂರನೆಯ, ನಾಲ್ಕನೆಯ ತರಗತಿಯವರೆಗೂ ನಡೆಯುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗದಲ್ಲಿದ್ದ ಪ್ರಕಾಶ್ ಪದಕಣ್ಣಾಯರೂ ಕನ್ನಡದ ಓದಿನ ಬಗೆಗೆ ದೀರ್ಘಕಾಲ ಸಂಶೋಧನೆ ನಡೆಸಿದವರು. ಎರಡನೆಯ ತರಗತಿಯಲ್ಲಿ ಒತ್ತಕ್ಷರ ಬಾರದೆಂದು ಏಟು ತಿಂದ ಮಕ್ಕಳೆಷ್ಟೋ! ಆ ವಯಸ್ಸಿನಲ್ಲಿ ಅದು ಪೂರ್ತಿಯಾಗಿ ಬಾರದಿರುವುದು ಸಹಜವೆಂಬ ಮಾತನ್ನು ಊಹೆಯಿಂದಲ್ಲದೆ ಎಣಿಕೆಯಿಂದ ಹೇಳುವುದಕ್ಕೆ ಇಂಥವರು ಬೇಕಾಯಿತು.

ಈ ಸೀಮೆಗೇ ವಿಶಿಷ್ಟವಾದ ಪ್ರಶ್ನೆಗಳು ಇನ್ನೂ ಇವೆ. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಎಲ್ಲರಿಗೂ ಗೊತ್ತು. ಹಲ್ಲು, ಮೂಳೆಗಳಿಗೆ ಆಗುವ ಕೇಡನ್ನು ಕಣ್ಣಾರೆ ಕಂಡಿದ್ದೇವೆ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು ಅನೇಕ ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ, ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡಿರುವ ನೀರಿಗೂ ಮಕ್ಕಳ ಬುದ್ಧಿಮಾಪನದ ಅಂಕಗಳು ಇಳಿಯುವುದಕ್ಕೂ ಸಂಬಂಧ ಕಾಣುತ್ತದೆಯೆಂದು 2024ರಲ್ಲಿ ವರದಿ ಮಾಡಿತು. ತನ್ನ ವಿಶ್ವಾಸ ಮಧ್ಯಮ ಪ್ರಮಾಣದ್ದೆಂದೂ ಹೇಳಿತು. ಸಂಬಂಧ ಕಂಡಮಾತ್ರಕ್ಕೆ ಅದೇ ಕಾರಣವೆಂದು ಹೇಳುವಂತಿಲ್ಲ. ಕೆಟ್ಟ ನೀರಿರುವ ಊರಿನಲ್ಲಿ ಬಡತನವೂ ಅರೆಹೊಟ್ಟೆಯೂ ಇರಬಹುದಷ್ಟೆ. ಇವನ್ನು ಒಂದರಿಂದೊಂದು ಬಿಡಿಸಿ ನೋಡುವುದೇ ಸಂಶೋಧಕನ ಕುಶಲತೆ. ಆದರೆ ಅದಕ್ಕೂ ಮೊದಲು ಈ ಮಕ್ಕಳ ಭಾಷೆಯಲ್ಲಿ, ಈ ಮಕ್ಕಳಿಗೆ ಹೊಂದುವ ಅಳತೆಗೋಲು ಕೈಯಲ್ಲಿರಬೇಕು.

ಇನ್ನೊಂದು ಪ್ರಶ್ನೆ ತಿರುಮಣಿಯ ಕಡೆಯದು. 2018ರಲ್ಲಿ ಆರಂಭವಾದ ಪಾವಗಡದ ಸೌರ ವಿದ್ಯುತ್ ಉದ್ಯಾನ ಸುಮಾರು 13,000 ಎಕರೆಯಲ್ಲಿ ಹಬ್ಬಿದ್ದು, 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ಅದಕ್ಕೆ ಭೂಮಿಯನ್ನು ಕೊಂಡುಕೊಳ್ಳಲಿಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾದ ಗುತ್ತಿಗೆಯ ಮೇಲೆ ರೈತರಿಂದ ಪಡೆದರು. ಬರದಲ್ಲಿ ಬೆಂದವನಿಗೆ ನಿಶ್ಚಿತವಾದ ಹಣ ಬಂತು. ಆದರೆ ನಲವತ್ತು ವರ್ಷ ಮುಂಜಾನೆ ಎದ್ದು ಹೊಲಕ್ಕೆ ಹೋದ ಮನುಷ್ಯ ಇಂದು ಎದ್ದು ಎಲ್ಲಿಗೆ ಹೋಗುತ್ತಾನೆ? ಹೊಲವಿಲ್ಲದೆ ಕೂಲಿಯನ್ನೇ ನಂಬಿದ್ದ ನೆರೆಯವನ ಮನಸ್ಸಿನಲ್ಲಿ ಏನಿದೆ? ವಿದ್ಯುತ್ತಿನ ಲೆಕ್ಕ ಮೀಟರಿನಲ್ಲಿ ಸಿಕ್ಕುತ್ತದೆ. ಈ ಲೆಕ್ಕಕ್ಕೆ ಬೇರೆ ಬಗೆಯ ವಿಚಾರಣೆ ಬೇಕು. "ನಿಮಗೆ ಖಿನ್ನತೆ ಇದೆಯೆ?" ಎಂದು ಅಚ್ಚು ಹಾಕಿದ ಪ್ರಶ್ನಾವಳಿ ಹಿಡಿದು ಹೋದರೆ ನಮ್ಮ ರೈತ ಇಲ್ಲವೆಂದೇ ಹೇಳಿಯಾನು. ಅವನು ಹೇಳುವುದು "ಯಾಕೋ ಜೀವಕ್ಕೆ ಬ್ಯಾಸರ", "ಎದೆ ಮೇಲೆ ಕಲ್ಲು ಹೊತ್ತಂಗೈತೆ" ಎಂದು. ಈ ಮಾತನ್ನು ಕಿವಿಯಲ್ಲಿಟ್ಟುಕೊಂಡೇ ಬೆಳೆದವರು ಪ್ರಶ್ನೆಯನ್ನು ಬೇರೆಯಾಗಿ ಕೇಳುತ್ತಾರೆ. ಆದಕಾರಣವೇ ಈ ತಾಲ್ಲೂಕುಗಳಿಂದ ಒಬ್ಬಿಬ್ಬರಾದರೂ ಈ ದಾರಿ ಹಿಡಿಯಬೇಕೆಂದು ನಾನು ಹೇಳುವುದು.

ಈಗ ತಂದೆಯ ಪ್ರಶ್ನೆಗೆ ಬರೋಣ. ದಾರಿ ಉದ್ದವಾದದ್ದು, ಅದನ್ನು ಮರೆಮಾಚಬಾರದು. ಪಿ.ಯು.ಸಿ. ಆದಮೇಲೆ ಮನಶ್ಶಾಸ್ತ್ರವಿರುವ ಪದವಿಗೆ ಮೂರು ವರ್ಷ, ಸ್ನಾತಕೋತ್ತರ ಪದವಿಗೆ ಎರಡು ವರ್ಷ. ಅದರಲ್ಲಿ ಶೇಕಡ 55 ಅಂಕ ಬರಬೇಕು. ಪರಿಶಿಷ್ಟ ಜಾತಿ, ಪಂಗಡ ಮೊದಲಾದವರಿಗೆ ಶೇಕಡ 5ರ ರಿಯಾಯಿತಿ ಉಂಟು. ಅನಂತರ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆ-ಸೆಟ್ ಅರ್ಹತಾ ಪರೀಕ್ಷೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2023ರಲ್ಲಿ ಮಾಡಿದ ತಿದ್ದುಪಡಿಯಂತೆ, ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಇಂಥ ಪರೀಕ್ಷೆಯಲ್ಲಿ ತೇರ್ಗಡೆ ಅಗತ್ಯ, ಪಿಎಚ್.ಡಿ. ಐಚ್ಛಿಕ. ಆದರೂ ಸಂಶೋಧನೆಯನ್ನೇ ಬಾಳಿನ ಕೆಲಸವಾಗಿ ಬಯಸುವವರಿಗೆ ಪಿಎಚ್.ಡಿ. ಬಿಟ್ಟರೆ ಗತಿಯಿಲ್ಲ. ಅದಕ್ಕೆ ಕನಿಷ್ಠ ಮೂರು ವರ್ಷ, ಸಾಧಾರಣವಾಗಿ ನಾಲ್ಕೈದು. ಒಟ್ಟಿನಲ್ಲಿ ಹದಿನೆಂಟರಲ್ಲಿ ಹೊರಟವರು ನಿಲ್ದಾಣ ಮುಟ್ಟುವಾಗ ಇಪ್ಪತ್ತೆಂಟು ದಾಟಿರುತ್ತದೆ.

ಹಣದ ಮಾತು. ನೆಟ್ ಪರೀಕ್ಷೆಯಲ್ಲಿ ಮೇಲಿನ ದರ್ಜೆಯಲ್ಲಿ ಬಂದು ಕಿರಿಯ ಸಂಶೋಧಕ ವೇತನಕ್ಕೆ ಆಯ್ಕೆಯಾದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಅಂಥವರು ಮನೆಯಿಂದ ಹಣ ತರಿಸದೆ ಸಂಶೋಧನೆ ಮಾಡಬಹುದು. ಆಯೋಗದ ಏಳನೆಯ ವೇತನ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700 ರೂಪಾಯಿ. ಅಲ್ಲಿಂದ ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಎಂದು ಮೆಟ್ಟಿಲುಗಳು. ಕೇಳಲು ಚೆನ್ನಾಗಿದೆ. ಆದರೆ ಖಾಯಂ ಹುದ್ದೆಗಳಿಗೆ ನೇಮಕ ಎಂದೋ ಒಮ್ಮೆ ನಡೆಯುತ್ತದೆ. ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಸಾವಿರಾರು ಮಂದಿ ಅತಿಥಿ ಉಪನ್ಯಾಸಕರಾಗಿ, ಮುಂದಿನ ವರ್ಷದ ಭರವಸೆಯಿಲ್ಲದೆ ದುಡಿಯುತ್ತಿದ್ದಾರೆ. ಅತಿಥಿಯೆಂದು ಕರೆದು ಹತ್ತು ವರ್ಷ ಜಗಲಿಯಲ್ಲಿಯೇ ಕೂರಿಸುವ ಈ ಆತಿಥ್ಯವನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು. ಮನೆಯವರು ಮುಂಚಿತವಾಗಿ ಕೂತು, "ಇಷ್ಟು ವರ್ಷ ಕಾಯಬಲ್ಲೆವು, ಆಮೇಲೆ ಶಾಲಾ ಸಮಾಲೋಚನೆ, ಸ್ವಯಂಸೇವಾ ಸಂಸ್ಥೆಗಳ ಸಂಶೋಧನಾ ಕಾರ್ಯ ಮುಂತಾದ ಬದಲಿ ದಾರಿ ಹಿಡಿಯೋಣ" ಎಂದು ಮಾತಾಡಿಕೊಂಡಿದ್ದರೆ ಮುಂದೆ ದೂರಿಗೆ ಎಡೆಯಿರದು.

ಎರಡು ತೊಡಕುಗಳನ್ನು ಹೇಳಲೇಬೇಕು. ಮನಶ್ಶಾಸ್ತ್ರದ ನೆಟ್ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷು ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಪದವಿಯ ಮೊದಲ ವರ್ಷದಿಂದಲೇ ದಿನಕ್ಕೆ ಎರಡು ಪುಟ ಇಂಗ್ಲಿಷು ಓದುವ ಅಭ್ಯಾಸ ಬೆಳೆಸಿದರೆ ಈ ತೊಡಕು ನೀಗುತ್ತದೆ. ಎರಡನೆಯದು ಸಂಖ್ಯಾಶಾಸ್ತ್ರ. ಲೆಕ್ಕಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದವರು, ಇಲ್ಲಿಯೂ ಸರಾಸರಿ, ಸಂಭವ, ಸಹಸಂಬಂಧಗಳು ಬಾಗಿಲಲ್ಲೇ ನಿಂತಿರುವುದನ್ನು ಕಂಡು ಬೆಚ್ಚುತ್ತಾರೆ. ಹತ್ತನೆಯ ತರಗತಿಯ ಗಣಿತ ಗಟ್ಟಿಯಾಗಿದ್ದರೆ ತಾಳ್ಮೆಯಿಂದ ಕಲಿಯಬಹುದಾದ ವಿದ್ಯೆ ಅದು.

ಹುದ್ದೆ ಸಿಕ್ಕಮೇಲೆ ದಿನಚರಿ ಹೇಗೆ? ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಬೋಧನೆಯೆಂದು ಆಯೋಗದ ನಿಯಮ. ಆ ಹದಿನಾರಕ್ಕೆ ಸಿದ್ಧತೆ, ಪ್ರಯೋಗಶಾಲೆ, ಉತ್ತರಪತ್ರಿಕೆಗಳು, ಉಳಿದ ಹೊತ್ತಿನಲ್ಲಿ ಸಂಶೋಧನೆ. ಮಕ್ಕಳನ್ನು ಪರೀಕ್ಷಿಸುವ ಮೊದಲು ತಂದೆತಾಯಿಗಳ ಒಪ್ಪಿಗೆ ಪಡೆಯಬೇಕು. ಯಾರು ಏನು ಹೇಳಿದರೆಂಬುದನ್ನು ಗುಟ್ಟಾಗಿಡಬೇಕು. ನಿರೀಕ್ಷಿಸಿದ ಫಲ ಬಾರದಿದ್ದರೆ ಬಾರದಿದ್ದುದನ್ನೇ ಬರೆಯಬೇಕು. ಕೆಲವೊಮ್ಮೆ ಮೂರು ವರ್ಷದ ದುಡಿಮೆ ಹತ್ತು ಪುಟದ ಒಂದು ಲೇಖನವಾಗಿ, ಹೊರಗಿನವರಾರೂ ಓದದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆದರೆ ಒಳ್ಳೆಯ ಅಳತೆಗೋಲಿಗೆ ಆಯುಸ್ಸು ಹೆಚ್ಚು. ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರು ಕುಟುಂಬದ ವಿದ್ಯೆ, ಉದ್ಯೋಗ, ಆದಾಯಗಳಿಂದ ಅದರ ಸಾಮಾಜಿಕ ಸ್ಥಿತಿಯನ್ನಳೆಯಲು 1976ರಲ್ಲಿ ಪ್ರಕಟಿಸಿದ ಮಾನಕವನ್ನು, ಆದಾಯದ ಅಂಕಿಗಳನ್ನು ಕಾಲಕ್ಕೆ ತಕ್ಕಂತೆ ತಿದ್ದಿಕೊಂಡು, ದೇಶದ ವೈದ್ಯಕೀಯ ಸಂಶೋಧಕರು ಇಂದಿಗೂ ಬಳಸುತ್ತಾರೆ.

ಇನ್ನೊಂದು ಲಾಭ ನೇರವಾಗಿ ಕಾಣದು. ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ಕಲಿಸುವವರು ಬರೆದ ಪುಸ್ತಕಗಳು ಶಿಕ್ಷಕರ ತರಬೇತಿ ಕಾಲೇಜಿಗೆ ಹೋಗುತ್ತವೆ. ಅಲ್ಲಿ ಕಲಿತ ಶಿಕ್ಷಕರು ನಮ್ಮ ಹಳ್ಳಿಯ ಶಾಲೆಗೆ ಬರುತ್ತಾರೆ. ಆ ಪುಸ್ತಕದಲ್ಲಿ ಮಾಂಟ್ರಿಯಲ್ಲಿನ ಮಗುವಿನ ಜೊತೆಗೆ ಪಾವಗಡದ ಮಗುವೂ ಇದ್ದರೆ, ಒತ್ತಕ್ಷರ ತಪ್ಪಿದ ಹುಡುಗಿಯ ಮೇಲೆ ಎತ್ತಿದ ಬೆತ್ತ ಕೆಳಗಿಳಿಯಬಹುದು.

ಆದ್ದರಿಂದ ಮನೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ಮಗಳು ಮನಶ್ಶಾಸ್ತ್ರವೆಂದರೆ ಕೂಡಲೆ ಬೇಡವೆನ್ನಬೇಡಿ. ಕೂಡಲೆ ಹೌದೆನ್ನಲೂ ಬೇಡಿ. ಅವಳಿಗೆ ಅಪರಿಚಿತರ ಮಾತನ್ನು ತಾಳ್ಮೆಯಿಂದ ಕೇಳುವ ಸ್ವಭಾವವಿದೆಯೆ? ಒಂದು ಸಂಗತಿಯನ್ನು ನಂಬುವ ಮೊದಲು "ಅದು ನಿಮಗೆ ಹೇಗೆ ಗೊತ್ತು?" ಎಂದು ಕೇಳುವ ಚಟವಿದೆಯೆ? ಒಂದೇ ಕೆಲಸವನ್ನು ನೂರು ಸಲ ಬೇಸರಿಸದೆ ಮಾಡಬಲ್ಲಳೆ? ಈ ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಮೈಸೂರು, ಬೆಂಗಳೂರು, ಧಾರವಾಡಗಳ ವಿಶ್ವವಿದ್ಯಾನಿಲಯಗಳಲ್ಲಿ ಈ ವಿಷಯದ ವಿಭಾಗಗಳಿವೆ. ಹತ್ತಿರದ ಯಾವ ಕಾಲೇಜಿನಲ್ಲಿ ಪದವಿಗೆ ಈ ವಿಷಯ ಕಲಿಸುತ್ತಾರೆಂದು ಈ ಬೇಸಗೆಯಲ್ಲಿಯೇ ವಿಚಾರಿಸಿ. ಕಳುಹಿಸುವಾಗ ಒಂದು ಮಾತು ಹೇಳಿ ಕಳುಹಿಸಿ: ಮನೆಯ ತೆಲುಗನ್ನೋ, ಉರ್ದುವನ್ನೋ, ಊರಿನ ಕನ್ನಡವನ್ನೋ ಮರೆತು ಬರಬೇಡ, ನಾಳೆ ಇಲ್ಲಿನ ಮಕ್ಕಳನ್ನು ಪ್ರಶ್ನೆ ಕೇಳಲು ಬಂದಾಗ ಆ ಮಾತೇ ನಿನ್ನ ಕೈಗೆ ಮೊದಲು ಬೇಕಾಗುವ ಸಲಕರಣೆ.